ಜೊತೆಗಾರರ ಕಲಂ ಭರ್ತಿ ಮಾಡುವ ಕುರಿತು

ಇಂದ,
ರೋಗಿ ಸಂಖ್ಯೆ 4417,
ನಿವೃತ್ತ ಬಸ್ ಕಂಡಕ್ಟರ್ (ಹೆಂಗಸು),
ಎಡ ಮೊಣಕಾಲು.

ಗೆ,
ಮಾನ್ಯ ವೈದ್ಯಕೀಯ ಅಧೀಕ್ಷಕರು,
ಕೀಲು ಬದಲಾವಣೆ ವಿಭಾಗ,
ದೊಡ್ಡಾಸ್ಪತ್ರೆ.

ಮುಖಾಂತರ: ಕೌಂಟರ್ ನಂಬರ್ ಮೂರು (ಅಲ್ಲೇ ಕಳೆದುಹೋಗದಿದ್ದರೆ).

ವಿಷಯ: ಶಸ್ತ್ರಚಿಕಿತ್ಸೆಗೆ ಮುಂಚಿನ ನಮೂನೆಯಲ್ಲಿ ಕಲಂ ಹನ್ನೊಂದನ್ನು ತಿದ್ದುವ ಬಗ್ಗೆ, ಹಾಗೂ ಒಬ್ಬ ಜೊತೆಗಾರನನ್ನು ಇಬ್ಬರು ರೋಗಿಗಳಿಗೆ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ:
(ಅ) ತರಗತಿಯ ಜೋಡಿಯನ್ನು ಬದಲಾಯಿಸುವಂತೆ ಕೋರಿ ಅರ್ಜಿದಾರಳು ಕೊಟ್ಟಿದ್ದ ಹಿಂದಿನ ಅರ್ಜಿ. ಇಪ್ಪತ್ತೊಂಬತ್ತು ದಿನವಾಯಿತು, ಉತ್ತರವಿಲ್ಲ.
(ಆ) ತಮ್ಮ ಕಚೇರಿ ಹಂಚಿದ ಕೈಪಿಡಿ, ಪುಟ ಒಂಬತ್ತು.
(ಇ) ಕೌಂಟರ್ ಮೂರರ ಗುಮಾಸ್ತರ ಮೌಖಿಕ ಆದೇಶ: "ಆಗಲ್ಲಮ್ಮ. ಮುಂದಿನೋರು ಬನ್ನಿ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅಮೂಲ್ಯ ಗಮನಕ್ಕೆ ತರುವುದೇನೆಂದರೆ:

1. ಅರ್ಜಿದಾರಳು ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತು ದುಡಿದವಳು. ಪ್ರಯಾಣಿಕರು ಕೂತರು, ಡ್ರೈವರ್ ಕೂತರು, ಪ್ರಯಾಣಿಕರ ಗಂಟುಮೂಟೆಗಳೂ ಸೀಟಿನ ಮೇಲೆ ಕೂತವು, ನಿಂತವಳು ಅವಳೊಬ್ಬಳೇ. ಈ ಅವಧಿಯಲ್ಲಿ ಡಿಪೋ ಮ್ಯಾನೇಜರರ ನಲವತ್ತಾರು ಮೆಮೊಗಳಿಗೆ ಲಿಖಿತ ಸಮಜಾಯಿಷಿ ಕೊಟ್ಟ ಅನುಭವ ಅವಳಿಗಿದೆ. ಸಮಜಾಯಿಷಿಯಲ್ಲಿ "ನಾನು" ಎಂದು ಬರೆದರೆ ಮ್ಯಾನೇಜರರು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ "ಯಾರು?" ಎಂದು ಬರೆದು ವಾಪಸ್ ಕಳಿಸುತ್ತಿದ್ದರು. ಆ ಕಾರಣ, ಈ ಅರ್ಜಿಯಲ್ಲೂ ಅವಳು ಅರ್ಜಿದಾರಳೇ. ಅವಳ ಗಂಡ ಅದೇ ಬಸ್ಸಿನ ಡ್ರೈವರ್. ಬೇರೆ ಯಾರನ್ನಾದರೂ ನೋಡಿ ಮದುವೆಯಾಗಲು ಪಾಳಿಯಲ್ಲಿ ಬಿಡುವಿರಲಿಲ್ಲವಾದ್ದರಿಂದ ಅವರನ್ನೇ ಆದಳು. ಈ ಬಗ್ಗೆ ಅವಳ ತಕರಾರೇನೂ ಇಲ್ಲ. ಇದ್ದರೂ ಅದಕ್ಕೆ ಬೇರೆ ಕಚೇರಿ ಇದೆ.

2. ಮೊಣಕಾಲು ಬದಲಾಯಿಸಬೇಕೆಂದು ದೊಡ್ಡ ಡಾಕ್ಟರು ಹೇಳಿದ ದಿನದಿಂದ ಅರ್ಜಿದಾರಳು ತಯಾರಾಗುತ್ತಲೇ ಇದ್ದಾಳೆ. ಅವಳ ಮದುವೆಗೂ ಇಷ್ಟು ತಯಾರಿ ನಡೆದಿರಲಿಲ್ಲ. ರಕ್ತ ಕೊಡಿ ಎಂದರು, ಕೊಟ್ಟಳು. ಇನ್ನೊಂದು ಶೀಶೆ ಎಂದರು, ಅದನ್ನೂ ಕೊಟ್ಟಳು. ಎದೆಗೆ ತಂತಿ ಅಂಟಿಸಿದರು, ಉಸಿರು ಬಿಗಿಹಿಡಿಸಿ ಎಕ್ಸ್‌ರೇ ತೆಗೆದರು, ಏಳು ಕಿಲೋ ಇಳಿಯಿರಿ ಎಂದರು. ಕೊನೆಗೆ ಹಲ್ಲಿನ ಡಾಕ್ಟರ ಬಳಿ ಅಟ್ಟಿದರು. ಬಾಯಲ್ಲಿ ಕೀವಿದ್ದರೆ ಅದು ರಕ್ತದಲ್ಲಿ ಇಳಿದು ಹೊಸ ಕೀಲನ್ನು ಹಿಡಿಯುತ್ತದಂತೆ. ಹಲ್ಲಿನ ಡಾಕ್ಟರು ಎರಡು ದವಡೆ ಹಲ್ಲು ಕಿತ್ತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಅರ್ಜಿದಾರಳು ಕೇಳಿದ್ದಳು. ಕಾಲು ನೋವೆಂದು ಬಂದವಳ ಹಲ್ಲು ಕೀಳುವುದನ್ನು ಮಾತ್ರ ಇಲ್ಲೇ ಕಂಡಳು.

ಇನ್ನು ಕೈಪಿಡಿ. ಅದರ ಒಂಬತ್ತನೇ ಪುಟದಲ್ಲಿ ಬಿಳಿ ಕೂದಲಿನ ಗಂಡ ಹೆಂಡತಿ ಕೈ ಕೈ ಹಿಡಿದು ಓಡುತ್ತಿರುವ ಚಿತ್ರವಿದೆ. ಎಲ್ಲಿಗೆ ಓಡುತ್ತಿದ್ದಾರೆಂದು ಬರೆದಿಲ್ಲ. ಬಹುಶಃ ಕೌಂಟರ್ ಮೂರು ಮುಚ್ಚುವುದರೊಳಗೆ ತಲುಪಲು ಇರಬೇಕು. ಚಿತ್ರದ ಕೆಳಗೆ, ರೋಗಿಯ ಮನೆಯಲ್ಲಿ ಕಾಲಿಗೆ ತೊಡರುವ ಚಾಪೆ, ಜಮಖಾನ ಇರಕೂಡದು, ಕುರ್ಚಿ ಎತ್ತರವಿರಬೇಕು, ದಿನವೂ ಬೇಕಾಗುವ ಸಾಮಾನು ಸೊಂಟದ ಮಟ್ಟದಲ್ಲಿರಬೇಕು ಎಂದಿದೆ. ಇದನ್ನು ಓದಿದ್ದೇ ತಡ, ಡ್ರೈವರ್ ಸಾಹೇಬರು ಕಾರ್ಯೋನ್ಮುಖರಾದರು. ಕುರ್ಚಿಗಳ ಕಾಲಿಗೆ ಇಟ್ಟಿಗೆ ಕೊಟ್ಟರು. ಅಡುಗೆಮನೆಯ ಡಬ್ಬಗಳನ್ನೆಲ್ಲ ಜಾಗ ಬದಲಾಯಿಸಿದರು. ಅಂದಿನಿಂದ ಆ ಮನೆಯಲ್ಲಿ ಉಪ್ಪು ಎಲ್ಲಿದೆ ಎಂಬುದು ಅವರೊಬ್ಬರಿಗೇ ಗೊತ್ತಿರುವ ಸರ್ಕಾರಿ ಗುಟ್ಟು. ಮಂಚದಿಂದ ಬಚ್ಚಲುಮನೆಯವರೆಗೆ ಮೂರು ಕುರ್ಚಿ ಸಾಲಾಗಿ ಇಟ್ಟು, "ಮೂರು ಸ್ಟಾಪು ಕಣೇ. ಎಕ್ಸ್‌ಪ್ರೆಸ್ ಅಲ್ಲ, ಆರ್ಡಿನರಿ. ಎಲ್ಲಾ ಕಡೆ ನಿಲ್ಸು" ಎಂದು ಅಪ್ಪಣೆ ಮಾಡಿದರು. ಎರಡೂ ಮೊಣಕಾಲು ಬದಲಾಯಿಸಿಕೊಂಡಿರುವ ಅರ್ಜಿದಾರಳ ನಾದಿನಿ ಬಂದು ಇದನ್ನೆಲ್ಲ ನೋಡಿ, "ನಂಗೆ ಇದ್ಯಾವ್ದೂ ಬೇಕಾಗ್ಲಿಲ್ಲಪ್ಪ, ಮೂರನೇ ದಿನಕ್ಕೇ ಎದ್ದು ಓಡಾಡ್ದೆ" ಎಂದಳು. ನಾದಿನಿಯರ ಕುರಿತು ಕೈಪಿಡಿಯಲ್ಲಿ ಯಾವ ಎಚ್ಚರಿಕೆಯೂ ಇಲ್ಲದಿರುವುದು ಒಂದು ಲೋಪ.

3. ಪ್ರತಿ ಬುಧವಾರ ಪೂರ್ವಸಿದ್ಧತಾ ತರಗತಿ. ಹದಿನಾಲ್ಕು ಜನ ರೋಗಿಗಳು, ಒಬ್ಬರು ಫಿಸಿಯೋ ಮೇಡಂ, ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಮೊಣಕಾಲು. ಮೇಡಮ್ಮಿಗೆ ಇಪ್ಪತ್ತಾರೋ ಇಪ್ಪತ್ತೇಳೋ. "ನಮ್ಮ ಕಾಲು ಇವತ್ತು ಹೇಗಿದೆ? ನಮ್ಮ ವ್ಯಾಯಾಮ ಮಾಡಿದ್ವಾ?" ಎಂದು ಕೇಳುತ್ತಾರೆ. ತನ್ನ ಕಾಲಿನಲ್ಲಿ ಅವರಿಗೂ ಪಾಲಿರುವುದು ಅರ್ಜಿದಾರಳಿಗೆ ಅಂದೇ ತಿಳಿದದ್ದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು ಎಂದು ಕಲಿಸಿದರು. ಎರಡರಲ್ಲಿ ಒಳ್ಳೆಯದು ಯಾವುದೆಂದು ಅರ್ಜಿದಾರಳು ಕೇಳಿದಳು. ಆ ಪ್ರಶ್ನೆಯನ್ನು ಮುಂದಿನ ವಾರಕ್ಕೆ ಇಟ್ಟರು.

ಆಮೇಲೆ, ಒಬ್ಬರು ವ್ಯಾಯಾಮ ಮಾಡುವಾಗ ಇನ್ನೊಬ್ಬರು ಎಣಿಸಬೇಕು, ಒಬ್ಬರ ನಮೂನೆಯನ್ನು ಇನ್ನೊಬ್ಬರು ತುಂಬಬೇಕು, ಹೀಗೆ ಮಾಡಿದರೆ ರೋಗಿಗಳಲ್ಲಿ ಆತ್ಮೀಯತೆ ಬೆಳೆಯುತ್ತದೆ ಎಂದು ಚೀಟಿ ಎತ್ತಿ ಜೋಡಿ ಮಾಡಿದರು. ಅರ್ಜಿದಾರಳ ಚೀಟಿಯಲ್ಲಿ ಬಂದ ರೋಗಿ ಬಾಗಿಲ ಬಳಿ ಕೋಲೂರಿಕೊಂಡು ನಿಂತಿದ್ದರು. ಬಲ ಸೊಂಟದ ಕೀಲು ಸವೆದು ಒಂದು ಕಡೆ ವಾಲಿದ್ದರು. ಆದರೂ ಅಂಗಿಯ ಇಸ್ತ್ರಿ ಮುರಿದಿರಲಿಲ್ಲ. ಕತ್ತರಿ!

4. ಕತ್ತರಿ ಯಾರೆಂಬುದನ್ನು ಇಲ್ಲಿ ಹೇಳುವುದು ಅವಶ್ಯ. ಅವರು ಟಿಕೆಟ್ ತಪಾಸಣೆಯ ಇನ್‌ಸ್ಪೆಕ್ಟರ್ ಆಗಿದ್ದವರು. ಬಸ್ ಹತ್ತಿದರೆಂದರೆ ಯಾರದೋ ಸಂಬಳಕ್ಕೋ ಬಡ್ತಿಗೋ ಕತ್ತರಿ ಬಿತ್ತೆಂದೇ ಅರ್ಥ. ಹಾಗಾಗಿ ಡಿಪೋದಲ್ಲಿ ಆ ಹೆಸರು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಸಂಜೆ ಅವರು ಅರ್ಜಿದಾರಳ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿದರು. ತಲೆ ಐವತ್ಮೂರು, ಟಿಕೆಟ್ ಐವತ್ತೆರಡು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಗೋಡೆ ಗಡಿಯಾರ ಇಟ್ಟುಕೊಂಡು ಕೂತಿದ್ದಳು. ರಿಪೇರಿ ಮಾಡಿಸಿ ತರುತ್ತಿದ್ದಳೋ ಏನೋ, ಹಳೆಯ ಪೇಪರು ಸುತ್ತಿತ್ತು. ಟಿಕೆಟ್ ಇರಲಿಲ್ಲ.

"ಮೂರು ಸಲ ಕೂಗ್ದೆ ಸಾರ್. ಈಯಮ್ಮ ಬರ್ಲೇ ಇಲ್ಲ" ಎಂದಳು ಆ ಹೆಂಗಸು.

"ಸುಳ್ಳು ಸಾರ್. ನಾನು ಹೋದಾಗ ಜನರ ಹಿಂದೆ ಅಡಗಿ ಕೂತಿದ್ಲು" ಎಂದಳು ಅರ್ಜಿದಾರಳು.

ಆ ಹೆಂಗಸಿಗೆ ದಂಡ ಹಾಕಿ, ಗಡಿಯಾರದ ಸಮೇತ ಅಲ್ಲೇ ಇಳಿಸಲಾಯಿತು. ಕತ್ತರಿ ವರದಿ ಬರೆದರು. ಅರ್ಜಿದಾರಳಿಗೆ ಮೂರು ತಿಂಗಳ ಅಮಾನತು. ಕಳ್ಳ ಪ್ರಯಾಣಿಕಳ ಮಾತು ನಂಬಿ ಪ್ರಾಮಾಣಿಕ ಕಂಡಕ್ಟರಿಗೆ ಕಳಂಕ ಹಚ್ಚಿದ ಪಾಪಿ ಎಂದು ಅರ್ಜಿದಾರಳು ಅಂದಿನಿಂದ ಹೋದಲ್ಲಿ ಬಂದಲ್ಲಿ ಕತ್ತರಿಯ ಜನ್ಮ ಜಾಲಾಡಿದ್ದಾಳೆ. ಬೈಗುಳದಲ್ಲಿ ಒಂದು ದಿನವೂ ರಜೆ ಹಾಕಿದವಳಲ್ಲ.

5. ಅಂಥ ಮನುಷ್ಯ ಎದುರಿನ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಅರ್ಜಿದಾರಳ ನಮೂನೆ ತುಂಬತೊಡಗಿದರು. ಹತ್ತು ಕಲಂ ಹೇಗೋ ಮುಗಿಯಿತು. ಹನ್ನೊಂದು: ನೋವು ಶುರುವಾಗಿ ಎಷ್ಟು ಕಾಲವಾಯಿತು?

"ನಾಲ್ಕು ವರ್ಷ. ರಿಟೈರಾದ ಮೇಲೆ."

ಪೆನ್ನು ಅಲ್ಲಾಡಲಿಲ್ಲ. "ಹತ್ತೊಂಬತ್ತು" ಎಂದರು ಕತ್ತರಿ.

"ಏನು ಹತ್ತೊಂಬತ್ತು?"

"ವರ್ಷ. ಗಡಿಯಾರದ ಹೆಂಗಸು ಇದ್ದ ದಿನ ನೀವು ಮುಂಬಾಗಿಲ ಕಂಬಿ ತಬ್ಬಿಕೊಂಡು ಒಂಟಿ ಕಾಲಲ್ಲಿ ನಿಂತಿದ್ರಿ. ಮುಖ ಬಿಳಿಚ್ಕೊಂಡಿತ್ತು."

"ಬಾಯ್ಮುಚ್ಕೊಂಡು ನಾಲ್ಕು ಅಂತ ಬರೀರಿ."

"ಸುಳ್ಳು ಎಂಟ್ರಿ ನಾನು ಹಾಕಲ್ಲ ಮೇಡಂ."

ಅರ್ಜಿದಾರಳು ಪೆನ್ನು ಕಿತ್ತುಕೊಂಡು ತಾನೇ ನಾಲ್ಕು ಎಂದು ಬರೆದಳು, ಕಾಗದ ಹರಿಯುವಷ್ಟು ಒತ್ತಿ. ಉಲ್ಲೇಖ (ಅ)ದಲ್ಲಿ ಕಾಣಿಸಿದ ಅರ್ಜಿಯನ್ನು ಅಂದೇ ಸಂಜೆ ಬರೆದು ಕೊಟ್ಟಳು. ತಮ್ಮ ಕಚೇರಿ ಅದನ್ನು ಏನು ಮಾಡಿತೋ ತಿಳಿಯದು. ತರಗತಿಯ ವ್ಯಾಯಾಮಕ್ಕೆ ಮೊಣಕಾಲಿನ ಕೆಳಗೆ ಸುರುಳಿ ಸುತ್ತಿ ಇಟ್ಟುಕೊಳ್ಳಲು ಟವೆಲ್ಲಿನ ಬದಲು ಅರ್ಜಿಗಳನ್ನೇ ಬಳಸುತ್ತಿರಬಹುದು.

6. ಉತ್ತರ ಬಾರದ ಕಾರಣ ಮುಂದಿನ ಮೂರು ಬುಧವಾರವೂ ಅದೇ ಜೋಡಿ. ಟವೆಲ್ ಸುರುಳಿಯ ಮೇಲೆ ಮೊಣಕಾಲು ಒತ್ತಿ ಹಿಡಿಯುವುದು ಹತ್ತು ಸಲ, ಹಿಮ್ಮಡಿ ಜಾರಿಸುವುದು ಹತ್ತು ಸಲ. ಕತ್ತರಿ ಎಣಿಸುವವರು. ಅರ್ಜಿದಾರಳು ಬೆವರೊರೆಸಿಕೊಂಡು "ಹತ್ತಾಯ್ತು" ಎಂದರೆ, "ಎಂಟು" ಎನ್ನುವರು.

"ಹತ್ತು ಮಾಡಿದ್ದೀನಿ ಕಣ್ರೀ."

"ಎರಡು ಅರ್ಧಂಬರ್ಧ. ಅದನ್ನ ನಾನು ಎಣ್ಸಲ್ಲ."

ಕತ್ತರಿಯ ಸರದಿ ಬಂದಾಗ ಅರ್ಜಿದಾರಳು ಬೇಕೆಂದೇ ಎಣಿಕೆ ತಪ್ಪಿಸಿ ಹದಿನಾರು ಸಲ ಮಾಡಿಸಿದಳು. ಅವರು ಹದಿನಾರನ್ನೂ ಮಾಡಿದರು. ಮುಗಿದ ಮೇಲೆ, "ಆರು ಜಾಸ್ತಿಯಾಯ್ತು. ನಾಳೆ ಬೆಳಿಗ್ಗೆ ಲೆಕ್ಕಕ್ಕೆ ಹಾಕ್ಕೋತೀನಿ" ಎಂದರು. ಇಂಥ ಮನುಷ್ಯನ ಜೊತೆ ಜಗಳ ಆಡುವುದೂ ಕಷ್ಟ. ಆದರೆ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ಕತ್ತರಿ ಕಾಲುಚೀಲ ಹಾಕಿಕೊಳ್ಳುವುದನ್ನು ಬಿಟ್ಟಿದ್ದರು. ಸೊಂಟ ಬಗ್ಗದವನ ಕಾಲಿಗೆ ಇನ್ನೊಬ್ಬರೇ ಹಾಕಬೇಕು. ಅಂಗಿಯ ಇಸ್ತ್ರಿ ಯಥಾಪ್ರಕಾರ ಖಡಕ್ಕು, ಕೆಳಗೆ ಬರಿಗಾಲಿಗೆ ಬೂಟು. ಅರ್ಜಿದಾರಳು ಇದನ್ನು ಗಮನಿಸಿದಳೇ ಹೊರತು ಮರುಕಪಡಲಿಲ್ಲ. ಈ ಅಂಶವನ್ನು ಕಡತದಲ್ಲಿ ಸ್ಪಷ್ಟವಾಗಿ ನಮೂದಿಸಿಕೊಳ್ಳಬೇಕು.

7. ಕಳೆದ ಸೋಮವಾರ ಶಸ್ತ್ರಚಿಕಿತ್ಸೆಯ ದಿನಾಂಕ ಖಾತ್ರಿ ಮಾಡಿಕೊಳ್ಳಲು ವಿಭಾಗದ ಎಲ್ಲ ರೋಗಿಗಳೂ ಕೌಂಟರ್ ಮೂರಕ್ಕೆ ಬರಬೇಕೆಂದಾಯಿತು. ಕಾಲಿಲ್ಲದವರನ್ನೆಲ್ಲ ಒಂದೂವರೆ ಗಂಟೆ ಸಾಲಿನಲ್ಲಿ ನಿಲ್ಲಿಸುವ ಈ ಏರ್ಪಾಟು ಯಾರ ತಲೆಯಲ್ಲಿ ಹೊಳೆದಿದ್ದೋ, ಅವರ ತಲೆಗೂ ಬದಲಾವಣೆಯ ಅಗತ್ಯವಿದೆ. ಕತ್ತರಿ ಅರ್ಜಿದಾರಳಿಗಿಂತ ಒಂದು ಸ್ಥಾನ ಮುಂದಿದ್ದರು. ಅವರ ದಿನಾಂಕ ಹನ್ನೆರಡು, ಅವಳದು ಹದಿನಾಲ್ಕು.

ತಮಗೆ ತಿಳಿದಿರುವಂತೆ, ಆಪರೇಷನ್ ಆದ ಮೇಲೆ ಆರು ವಾರ ರೋಗಿಯನ್ನು ಎಬ್ಬಿಸಿ ಕೂರಿಸಿ ನೋಡಿಕೊಳ್ಳುವ ಜೊತೆಗಾರರೊಬ್ಬರ ಹೆಸರು, ಸಂಬಂಧ, ಫೋನ್ ನಂಬರನ್ನು ರೋಗಿ ತಾನೇ ಬರೆಯದಿದ್ದರೆ ದಿನಾಂಕ ರದ್ದು. ಗುಮಾಸ್ತರು ಕತ್ತರಿಯ ನಮೂನೆ ನೋಡಿ, "ತಮ್ಮ ಅಂತ ಬರ್ದಿದ್ದೀರಿ. ಅವರ ಹತ್ರ ಒಂದ್ಮಾತು ಕೇಳ್ಬೇಕು ಸಾರ್, ರೂಲ್ಸು" ಎಂದು ಫೋನ್ ಒತ್ತಿದರು.

ಕತ್ತರಿಯ ಅಂಗಿಯ ಜೇಬಿನಲ್ಲಿ ಗಂಟೆ ಬಾರಿಸಿತು.

ಅವರು ಅದನ್ನು ಎತ್ತಲಿಲ್ಲ. ನಿಲ್ಲಿಸಲೂ ಇಲ್ಲ. ನೆಟ್ಟಗೆ ಮುಂದೆ ನೋಡುತ್ತ ನಿಂತರು. ಗುಮಾಸ್ತರು ಜೇಬನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಎತ್ತಿ ಸಾರ್, ನಿಮ್ಮ ತಮ್ಮಂಗೆ ಫೋನ್ ಬಂದಿದೆ" ಎಂದರು.

ಸಾಲಿಗೆ ಸಾಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅರ್ಜಿದಾರಳು. ಇದನ್ನು ಅವಳು ನಿರಾಕರಿಸುವುದಿಲ್ಲ. ಸುಳ್ಳು ಎಂಟ್ರಿ ಹಾಕಲ್ಲ ಎಂದವನು ಮೂರು ವಾರದಲ್ಲಿ ಸುಳ್ಳು ತಮ್ಮನನ್ನೇ ಹಾಕಿದ್ದ! ಹತ್ತೊಂಬತ್ತು ವರ್ಷ ಕಾದ ನಗು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಗುಮಾಸ್ತರು ನಮೂನೆಯ ಮೇಲೆ ಕೆಂಪು ಗೆರೆ ಎಳೆದು, "ಜೊತೆಗಾರರನ್ನ ಹುಡುಕ್ಕೊಂಡು ಹೊಸದಾಗಿ ಪಟ್ಟಿಗೆ ಬರೆಸಿ. ಎಂಟು ತಿಂಗಳಾಗುತ್ತೆ. ಮುಂದಿನೋರು ಬನ್ನಿ" ಎಂದರು. ಕತ್ತರಿ ಸಾಲಿನಿಂದ ಪಕ್ಕಕ್ಕೆ ಸರಿದರು. ಸರಿಯುವಾಗ ಕೋಲು ಕೈತಪ್ಪಿ ನೆಲಕ್ಕೆ ಬಿತ್ತು.

8. ಅವರಿಗೆ ಬಗ್ಗಲು ಬರುವುದಿಲ್ಲ. ಅರ್ಜಿದಾರಳಿಗೂ ಬರುವುದಿಲ್ಲ. ಇಬ್ಬರೂ ಕೋಲನ್ನು ನೋಡುತ್ತ ನಿಂತರು. ಸಾಲಿನಲ್ಲಿದ್ದ ಮೂವತ್ತು ಚಿಲ್ಲರೆ ಜನರಲ್ಲಿ ಬಗ್ಗಬಲ್ಲವರು ಒಬ್ಬರೂ ಇರಲಿಲ್ಲ. ಕೀಲು ವಿಭಾಗವಲ್ಲವೇ. ನೆಲ ಒರೆಸುತ್ತಿದ್ದ ಹೆಂಗಸು ಬಂದು, "ಯಾರ್ದ್ರೀ ಇದು, ದಾರಿಗಡ್ಡ" ಎಂದು ಎತ್ತಿ ಗೋಡೆಗೆ ಒರಗಿಸಿ ಹೋದಳು. ಆ ವೇಳೆಗೆ ಅರ್ಜಿದಾರಳ ನಗು ನಿಂತಿತ್ತು. ಯಾವಾಗ ನಿಂತಿತೆಂದು ಅವಳಿಗೆ ತಿಳಿಯದು.

ಅಲ್ಲೇ ಒಂದು ಬೆಂಚು. ಕತ್ತರಿ ಒಂದು ತುದಿಯಲ್ಲಿ ಕೂತರು. ಅವಳು ತನ್ನ ಹದಿನಾಲ್ಕನ್ನು ಖಾತ್ರಿ ಮಾಡಿಸಿಕೊಂಡು ಬಂದು ಇನ್ನೊಂದು ತುದಿಯಲ್ಲಿ, ಕೇವಲ ಕಾಲು ನೋವಿನ ಕಾರಣಕ್ಕೆ, ಕೂತಳು. ಫಿಸಿಯೋ ಮೇಡಂ ಸುದ್ದಿ ಕೇಳಿ ಓಡಿಬಂದರು. "ಸಾರ್, ಎಂಟು ತಿಂಗಳು ಆಗೋದೇ ಇಲ್ಲ. ನಿಮ್ಮ ಎಕ್ಸ್‌ರೇ ನೋಡಿದ್ದೀನಿ. ಅಷ್ಟರಲ್ಲಿ ಆ ಮೂಳೆ ಕುಸಿಯುತ್ತೆ, ಆಮೇಲೆ ಆಪರೇಷನ್ ಮಾಡಿದ್ರೂ ನಡೆಯೋದು ಕಷ್ಟ. ಯಾರೂ ಇಲ್ವಾ ನಿಮಗೆ?" ಎಂದರು. ಅಂದು ಮೊದಲ ಸಲ ಅವರು "ನಮ್ಮ" ಎನ್ನಲಿಲ್ಲ.

"ನೋಡೋಣ ತಾಯಿ" ಎಂದರು ಕತ್ತರಿ. ಮೇಡಂ ಹೋದರು.

"ತಮ್ಮ ಇದ್ದಾನಾ?" ಅರ್ಜಿದಾರಳು ಕೇಳಿದಳು.

"ಇದ್ದ."

"ಎಲ್ಲಿ?"

"ಇದ್ದ ಅಂದ್ನಲ್ಲ."

"ಹೆಂಡ್ತಿ?"

"ಟ್ರಾನ್ಸ್‌ಫರ್ ತಗೊಂಡು ಹೋಗಿ ಬಹಳ ವರ್ಷ ಆಯ್ತು. ತಪ್ಪು ಅವಳದಲ್ಲ. ನಾನು ಮನೇಲೂ ಎಣಿಸ್ತಿದ್ದೆ."

ಆಮೇಲೆ ಅರ್ಜಿದಾರಳು, ಕೇಳಬಾರದೆಂದು ಮೂರು ವಾರದಿಂದ ಹಲ್ಲು ಕಚ್ಚಿಕೊಂಡಿದ್ದನ್ನು (ಉಳಿದಿರುವ ಹಲ್ಲುಗಳಲ್ಲಿ) ಕೇಳಿಯೇಬಿಟ್ಟಳು.

"ಆವತ್ತು ನನ್ನ ಕಾಲು ನೋಡಿದ್ರಿ ಅಂದ್ರಲ್ಲ. ರಿಪೋರ್ಟ್‌ನಲ್ಲಿ ಯಾಕೆ ಬರೀಲಿಲ್ಲ?"

"ಟಿಕೆಟ್ ಎಣಿಸೋದು ನನ್ನ ಕೆಲಸ. ಕಾಲು ಎಣಿಸೋದಲ್ಲ."

"ಬರ್ದಿದ್ರೆ?"

"ಮೆಡಿಕಲ್ ಅನ್‌ಫಿಟ್ ಮಾಡಿ ಬಸ್ಸಿಂದ ಇಳ್ಸೋರು. ಡಿಪೋ ಮೂಲೇಲಿ ಟಿಕೆಟ್ ಬಂಡಲ್ ಕಟ್ಕೊಂಡು ಕೂತಿರ್ತಿದ್ರಿ. ನೀವು ಕೂರೋ ಹೆಂಗಸಲ್ಲ ಅನ್ನಿಸ್ತು." ಇಷ್ಟು ಹೇಳಿ, "ಆದ್ರೆ ಟಿಕೆಟ್ ಕೊಟ್ಟಿರ್ಲಿಲ್ಲ. ಅದನ್ನ ಬರ್ದೆ. ಇವತ್ತಾದ್ರೂ ಬರೀತೀನಿ" ಎಂದು ಸೇರಿಸಿದರು. ಈ ಕೊನೆಯ ಮಾತು ಇರದಿದ್ದರೆ ಅರ್ಜಿದಾರಳಿಗೆ ಅವರ ಮೇಲೆ ಗೌರವ ಬರುವ ಅಪಾಯವಿತ್ತು.

9. ಆ ಕಾರಣ, ಕಲಂ ಹನ್ನೊಂದರ ತಿದ್ದುಪಡಿ. ಹತ್ತೊಂಬತ್ತು ವರ್ಷದ ಹಿಂದಿನ ಆ ಸಂಜೆ ಬಸ್ಸು ತುಂಬಿತ್ತು. ಮುಂಬಾಗಿಲ ಬಳಿ ಟಿಕೆಟ್ ಕೊಡುತ್ತಿದ್ದಾಗ ಎಡ ಮೊಣಕಾಲು ಬೀಗ ಹಾಕಿದಂತೆ ಹಿಡಿದುಕೊಂಡಿತು. ಮಡಚಲೂ ಆಗದು, ನೀಡಲೂ ಆಗದು. ಹಿಂದಿನಿಂದ ಗಡಿಯಾರದ ಹೆಂಗಸು "ಇಲ್ಲೊಂದು ಟಿಕೆಟ್ ಕೊಡಮ್ಮಾ" ಎಂದು ಕೂಗಿದ್ದು ಕೇಳಿತ್ತು. ಮೂರು ಸಲವೂ ಕೇಳಿತ್ತು. ಮುಂದಿನ ಸ್ಟಾಪು ಬರುವುದರೊಳಗೆ ಕಾಲು ಬಿಟ್ಟುಕೊಳ್ಳುತ್ತದೆ, ಆಗ ಹೋದರಾಯಿತೆಂದು ಕಂಬಿ ಹಿಡಿದು ನಿಂತಳು. ಸ್ಟಾಪಿಗೆ ಮೊದಲು ಕತ್ತರಿ ಬಂದರು. ಕಾಲಿನ ಸುದ್ದಿ ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಹಾಗಾಗಿ ಆ ಹೆಂಗಸನ್ನು ಕಳ್ಳಿ ಎಂದಳು. ಅವಳು ಇಳಿಯುವಾಗ ಗಡಿಯಾರ ಬಾಗಿಲಿಗೆ ತಾಗದ ಹಾಗೆ ಎರಡೂ ಕೈಯಲ್ಲಿ ಅವಚಿಕೊಂಡು, ಅಡ್ಡಡ್ಡ ಇಳಿದಳು. ಇಳಿದ ಮೇಲೆ ಬಯ್ಯಲಿಲ್ಲ. ಸುಮ್ಮನೆ ತಲೆ ಎತ್ತಿ ನೋಡಿದಳು. "ರೈಟ್" ಎಂದು ಕೂಗಿ ಬಸ್ಸು ಬಿಡಿಸಿದವಳು ಅರ್ಜಿದಾರಳೇ.

ಇದರಿಂದ ತಮ್ಮ ಆಸ್ಪತ್ರೆಗೆ ಆಗಬೇಕಾದ್ದೇನೂ ಇಲ್ಲವೆಂದು ಅವಳಿಗೆ ಗೊತ್ತು. ಆ ಹೆಂಗಸು ಯಾರು, ಎಲ್ಲಿದ್ದಾಳೆ, ತಿಳಿಯದು. ಅವಳಿಗೆ ಬರೆಯಲು ವಿಳಾಸವಿಲ್ಲ. ತಮ್ಮದು ಇದೆ.

10. ಆ ಸೋಮವಾರ ಮನೆಗೆ ಬಂದು, ಇಟ್ಟಿಗೆಯ ಮೇಲಿನ ಕುರ್ಚಿ ಏರಿ ಕೂತು, ಅರ್ಜಿದಾರಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಅವರು ಬದನೆಕಾಯಿ ಹೆಚ್ಚುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಕಾಲಿನ ವಿಷಯ ಗೊತ್ತಿತ್ತು" ಎಂದರು.

"ಹೇಗೆ?"

"ಡ್ರೈವರ್ ಮುಂದೆ ಕನ್ನಡಿ ಯಾತಕ್ಕೆ ಇಟ್ಟಿರ್ತಾರೆ, ತಲೆ ಬಾಚ್ಕೊಳ್ಳೋಕಾ?"

"ಮತ್ತೆ ಹೇಳ್ಲಿಲ್ಲ?"

"ನೀನು ಹೇಳ್ತೀಯಾ ಅಂತ ಕಾಯ್ತಿದ್ದೆ. ಮೊದ್ಲು ಒಂದು ವರ್ಷ ಕಾಯ್ದೆ. ಆಮೇಲೆ ಅಭ್ಯಾಸ ಆಗೋಯ್ತು." ಚಾಕು ಕೆಳಗಿಟ್ಟರು. "ಆ ಹೆಂಗಸು ಕೂಗಿದ್ದು ಮಾತ್ರ ನಂಗೆ ಕೇಳಿರ್ಲಿಲ್ಲ ಕಣೇ. ಕೇಳಿದ್ರೆ ಬಸ್ ನಿಲ್ಲಿಸ್ತಿದ್ದೆ."

ಅರ್ಜಿದಾರಳು ಎದ್ದು ಬಚ್ಚಲುಮನೆಯ ಕಡೆ ಹೋದಳು. ಮೂರು ಸ್ಟಾಪಿನಲ್ಲೂ ನಿಂತಳು. ತಿರುಗಿ ಬಂದು, "ರೀ, ಆ ದರಿದ್ರ ಕತ್ತರಿಗೆ ಜೊತೆಗಾರ ಅಂತ ಸಹಿ ಹಾಕ್ತೀರಾ?" ಎಂದು ಕೇಳಿದಳು.

"ನಿಂಗೆ ಹಾಕಿದ್ದೀನಲ್ಲ?"

"ಇಬ್ರಿಗೂ."

ಡ್ರೈವರ್ ಸಾಹೇಬರು ಸ್ವಲ್ಪ ಯೋಚಿಸಿದರು. "ಐವತ್ಮೂರು ಜನನ ಒಬ್ನೇ ಕರ್ಕೊಂಡು ಹೋಗಿದ್ದೀನಿ. ಇಬ್ರು ಯಾವ ಲೆಕ್ಕ. ಆದ್ರೆ ಅವರು ಒಪ್ಪಬೇಕಲ್ಲ?"

ಅವರು ಒಪ್ಪಲಿಲ್ಲ. ಮಾರನೆಯ ದಿನ ಗ್ಯಾರೇಜಿನ ಮೇಲಿನ ಕತ್ತರಿಯ ಕೋಣೆಗೆ ಡ್ರೈವರ್ ಸಾಹೇಬರು ಹೋಗಿ ಕೇಳಿದಾಗ, "ನಾನು ಯಾರ ಹಂಗಲ್ಲೂ ಇರೋನಲ್ಲ" ಎಂದರಂತೆ. ಗಂಡ ಮನೆಗೆ ಬಂದು ಇದನ್ನು ಹೇಳಿದಾಗ ಅರ್ಜಿದಾರಳು ಅವರ ಫೋನ್ ಕಸಿದು ಕತ್ತರಿಯ ಜೊತೆ ತಾನೇ ಮಾತಾಡಿದಳು. "ಹಂಗೂ ಇಲ್ಲ, ಹಿಂಗೂ ಇಲ್ಲ. ನಿಮ್ಮ ಮೇಲೆ ಕರುಣೆ ಬಂದು ಮಾಡ್ತಿಲ್ಲ ನಾನು. ಹತ್ತೊಂಬತ್ತು ವರ್ಷ ಕೂಡಿಟ್ಟ ಬೈಗುಳ ಇದೆ, ಎದುರಿಗೆ ನಿಂತು ಕೇಳೋಕೆ ನಿಮ್ಗೆ ಸೊಂಟ ಬೇಕು. ಸಹಿ ಹಾಕ್ಸಿ ಫೋನ್ ಇಡಿ." ಆ ಕಡೆಯಿಂದ "ಕಾಲುಚೀಲ ಹಾಕೋದು ಮಾತ್ರ ನಿಮ್ಮ ಯಜಮಾನ್ರ ಕೈಲಿ ಬೇಡ. ನಂಗೆ ಸಂಕೋಚ" ಎಂದು ಕೇಳಿಸಿತು. ಒಪ್ಪಿಗೆಯೆಂದು ಪರಿಗಣಿಸಲಾಯಿತು.

11. ಗಂಡ ಹೆಂಡತಿ ಮತ್ತೆ ಕೌಂಟರ್ ಮೂರಕ್ಕೆ ಹೋದರು. ಗುಮಾಸ್ತರು ಕಂಪ್ಯೂಟರಿನಲ್ಲಿ ಬೆರಳಾಡಿಸುತ್ತ, "ರೋಗಿ ಇವರಿಗೆ ಏನಾಗ್ಬೇಕು?" ಎಂದು ಕೇಳಿದರು.

"ಏನೂ ಆಗ್ಬೇಕಿಲ್ಲ" ಎಂದಳು ಅರ್ಜಿದಾರಳು.

"ಹಂಗಂದ್ರೆ ಆಗಲ್ಲಮ್ಮ. ಗಂಡ, ಹೆಂಡತಿ, ಮಗ, ಮಗಳು, ಅಣ್ಣ, ತಮ್ಮ, ಅಕ್ಕ, ತಂಗಿ. ಇಷ್ಟೇ ಇರೋದು. ಯಾವ್ದಾದ್ರೂ ಒಂದು ಒತ್ಬೇಕು. ಅದೂ ಅಲ್ದೆ ಒಬ್ಬ ಜೊತೆಗಾರನಿಗೆ ಒಬ್ಬನೇ ರೋಗಿ."

"ತಮ್ಮ ಅಂತ ಒತ್ತಿ."

"ಸುಳ್ಳು ಎಂಟ್ರಿ ಹಾಕಕ್ಕಾಗಲ್ಲಮ್ಮ."

ಅರ್ಜಿದಾರಳಿಗೆ ಆ ಗುಮಾಸ್ತರ ಮುಖದಲ್ಲಿ ಇನ್ನೊಬ್ಬರು ಕಂಡರು. ಇಂಥವರು ಸಾಯುವುದಿಲ್ಲ, ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ, ಅಷ್ಟೇ. ಉಲ್ಲೇಖ (ಇ)ರ ಮೌಖಿಕ ಆದೇಶವನ್ನು ಕೊಟ್ಟದ್ದು ಆಗಲೇ.

ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಂದ, ಮಾನ್ಯರಾದ ತಾವು ದಯಮಾಡಿ,

(ಕ) ಕಲಂ ಹನ್ನೊಂದರಲ್ಲಿರುವ "ನಾಲ್ಕು" ಎಂಬುದನ್ನು ಹೊಡೆದು "ಹತ್ತೊಂಬತ್ತು" ಎಂದು ತಿದ್ದತಕ್ಕದ್ದು.

(ಖ) ಸಂಬಂಧಗಳ ಪಟ್ಟಿಯಲ್ಲಿ "ಒಂದೇ ಡಿಪೋ" ಎಂಬ ಹೊಸ ನಮೂದನ್ನು ಸೇರಿಸಿ, ಡ್ರೈವರ್ ಸಾಹೇಬರನ್ನು ಇಬ್ಬರು ರೋಗಿಗಳಿಗೂ ಜೊತೆಗಾರರೆಂದು ಮಂಜೂರು ಮಾಡತಕ್ಕದ್ದು. ಹಾಸಿಗೆಗಳು ಒಂದೇ ವಾರ್ಡಿನಲ್ಲಿರಲಿ. ನಡುವೆ ದಪ್ಪನೆಯ ಪರದೆ ಇರಲಿ. ಉಲ್ಲೇಖ (ಅ)ರ ಅರ್ಜಿಯನ್ನು ಅರ್ಜಿದಾರಳು ಹಿಂಪಡೆದಿಲ್ಲ, ಹಿಂಪಡೆಯುವುದೂ ಇಲ್ಲ. ಆ ಮನುಷ್ಯನ ಬಗ್ಗೆ ಅವಳ ಅಭಿಪ್ರಾಯ ಸೊಂಟದ ಮಟ್ಟದಲ್ಲಿ ಮಾತ್ರ ಬದಲಾಗಿದೆ.

(ಗ) ಒಬ್ಬ ಜೊತೆಗಾರನಿಗೆ ಒಬ್ಬನೇ ರೋಗಿ ಎಂಬ ನಿಯಮ ಕಲ್ಲಿನಲ್ಲಿ ಕೆತ್ತಿದ್ದೇ ಆದರೆ, ಡ್ರೈವರ್ ಸಾಹೇಬರನ್ನು ಕತ್ತರಿಯವರಿಗೆ ಬಿಟ್ಟುಕೊಟ್ಟು, ರದ್ದಾದ ಹನ್ನೆರಡರ ಬದಲು ಅವಳ ಹದಿನಾಲ್ಕನೇ ತಾರೀಖನ್ನೂ ಅವರ ಹೆಸರಿಗೆ ಬರೆದು, ಅರ್ಜಿದಾರಳನ್ನು ಪಟ್ಟಿಯ ಕೊನೆಗೆ ಹಾಕತಕ್ಕದ್ದು. ಎಂಟು ತಿಂಗಳು ಅವಳಿಗೆ ಹೆಚ್ಚಲ್ಲ. ಅವಳ ಮೊಣಕಾಲು ನೋಯುತ್ತದೆ, ಕುಸಿಯುವುದಿಲ್ಲ. ದೊಡ್ಡ ಡಾಕ್ಟರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದಾಳೆ. ಕೇಳಲು ಹೋದದ್ದು ಗಂಡನಿಗೆ ಗೊತ್ತಿಲ್ಲ. ಈ ಸಲ ಅವರ ಎದುರಿಗೆ ಕನ್ನಡಿ ಇರಲಿಲ್ಲ.

ತಮ್ಮ ವಿಶ್ವಾಸಿ
(ವಿಶ್ವಾಸ ಪರಿಶೀಲನೆಯಲ್ಲಿದೆ),

ರೋಗಿ ಸಂಖ್ಯೆ 4417

ಲಗತ್ತುಗಳು:
1. ರೋಗಿಯ ನಮೂನೆಯ ಪ್ರತಿ. ಕಲಂ ಹನ್ನೊಂದರಲ್ಲಿ ಕಾಗದ ತೂತಾಗಿದೆ.
2. ಡ್ರೈವರ್ ಸಾಹೇಬರ ಒಪ್ಪಿಗೆ ಪತ್ರ, ಎರಡು ಸಹಿಗಳೊಂದಿಗೆ. ಅಂಶ (ಗ) ಸೇರಿಸುವ ಮೊದಲು ಪಡೆದದ್ದು.
3. ಹಲ್ಲಿನ ಡಾಕ್ಟರ ಪ್ರಮಾಣಪತ್ರ. ಹಲ್ಲುಗಳನ್ನು ಲಗತ್ತಿಸಿಲ್ಲ, ಬೇಕಾದಲ್ಲಿ ಕಳಿಸಲಾಗುವುದು.
4. ಗಂಡಸರ ಕಾಲುಚೀಲ, ಎರಡು ಜೊತೆ, ಎಲಾಸ್ಟಿಕ್ ಸಡಿಲ ಮಾಡಿದ್ದು. ವಾರ್ಡಿನ ನರ್ಸಮ್ಮನಿಗೆ ತಲುಪಿಸುವುದು.

ವಿಶೇಷ ಸೂಚನೆ: ಅಂಶ (ಗ) ಮಂಜೂರಾದ ಪಕ್ಷದಲ್ಲಿ, ಆ ತಾರೀಖು ಯಾರದಾಗಿತ್ತೆಂದು ಕತ್ತರಿಯವರಿಗೆ ತಿಳಿಸಬಾರದಾಗಿ ವಿನಂತಿ. ಅವರು ಕೇಳಿಯೇ ಕೇಳುತ್ತಾರೆ. ಯಾರೋ ನಡುವೆ ಇಳಿದರು, ಸೀಟು ಖಾಲಿಯಾಯಿತು ಎಂದಷ್ಟೇ ಹೇಳುವುದು.